ಗಡುವು ಮುಂದೂಡಲು ಕಾರಣ

ಫಾರಮಿನ ಕೊನೆಗೆ ಒಂದು ಚೌಕ:
ಕಾರಣ ತಿಳಿಸಿ, ಮುನ್ನೂರು ಅಕ್ಷರ ಮೀರದಂತೆ.

ಏನು ಬರೆಯಲಿ, ಮೇಷ್ಟ್ರೇ,
ವಾಲ್ಪರಾಯಿಸೊದ ಗುಡ್ಡದ ನೆತ್ತಿಯಲ್ಲಿ
ಹಲಗೆಯ ಗೂಡಿನೊಳಗೆ ಕೂತು
ಹಗ್ಗದ ಲಿಫ್ಟು ನಡೆಸುವವಳು ನಾನು, ಯಾಸ್ನಾ ಒಯಾರ್ಸೂನ್.
ಕೆಳಗಿನವ ಗಂಟೆ ಹೊಡೆದರೆ ಸನ್ನೆಕೋಲು ಎಳೆಯುತ್ತೇನೆ.
ಒಂದು ಡಬ್ಬಿ ಏರುತ್ತದೆ, ಒಂದು ಇಳಿಯುತ್ತದೆ,
ನಡುದಾರಿಯಲ್ಲಿ ಮುಖಾಮುಖಿಯಾಗಿ
ಮಾತಿಲ್ಲದೆ ದಾಟಿಕೊಳ್ಳುತ್ತವೆ.

ಗಂಟೆಗೂ ಗಂಟೆಗೂ ನಡುವೆ ನಾಲ್ಕು ನಿಮಿಷ.
ನಿಮ್ಮ ಪಾಠ ಕೇಳಿದ್ದೆಲ್ಲ ಆ ತುಣುಕುಗಳಲ್ಲೇ,
ಫೋನನ್ನು ಚಿಲ್ಲರೆ ಡಬ್ಬಕ್ಕೆ ಒರಗಿಸಿ
ಒಂದೂವರೆ ಪಟ್ಟು ವೇಗದಲ್ಲಿ.
ನಿಮ್ಮ ನಿಜವಾದ ದನಿ ನನಗೆ ಗೊತ್ತಿಲ್ಲ.
ಒಮ್ಮೆ ನಕ್ಕಿರಿ,
ಕಡಲಹಕ್ಕಿ ಅಂದುಕೊಂಡು ಕಿಟಕಿಯಾಚೆ ನೋಡಿದೆ.

ಮೂರನೆಯ ಅಧ್ಯಾಯ, ಸವಕಳಿ.
ಯಂತ್ರದ ಬೆಲೆಯನ್ನು ಅದರ ಆಯುಸ್ಸಿನಿಂದ ಭಾಗಿಸಿ
ವರ್ಷ ವರ್ಷ ಕಳೆಯುತ್ತ ಹೋಗಿ, ಎಂದಿರಿ,
ಕೊನೆಗೆ ಉಳಿಯುವುದು ಸೊನ್ನೆ.
ಟಿಕೆಟ್ಟಿನ ಬೆನ್ನ ಮೇಲೆ ಲೆಕ್ಕ ಹಾಕಿದೆ:
ಈ ಲಿಫ್ಟು ಸೊನ್ನೆಯಾಗಿ ಎಪ್ಪತ್ತು ವರ್ಷವಾಯಿತು.
ಸೊನ್ನೆ ಈ ಬೆಳಿಗ್ಗೆ ಹೊತ್ತು ತಂದದ್ದು
ಶಾಲೆಯ ಮಕ್ಕಳು ನಲವತ್ತು,
ಗ್ಯಾಸ್ ಸಿಲಿಂಡರು ಹೆಗಲಿಗಿಟ್ಟ ಎಫ್ರಾಯಿನ್,
ಪಿಯಾನೊ ಶ್ರುತಿ ಮಾಡುವ ಮುದುಕಿ,
ಟಿಕೆಟ್ಟಿಲ್ಲದ ಮೂರು ನಾಯಿ.
ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು?
ಕೇಳೋಣವೆಂದು ಕೈ ಎತ್ತಿದೆ, ನಿಜವಾಗಿಯೂ,
ಒಬ್ಬಳೇ, ಗೂಡಿನೊಳಗೆ.
ಕೆಳಗಿನವ ಅದನ್ನೇ ಸನ್ನೆ ಎಂದು ತಿಳಿದು
ಗಂಟೆ ಹೊಡೆದ.

ಆಮೇಲೆ ನಿಮ್ಮ ಕಚೇರಿಯಿಂದ ಓಲೆ ಬಂತು:
ದುಡಿಮೆ, ಓದು, ಇವುಗಳ ಸಮತೋಲನ ಸಾಧಿಸಿ.
ಜೊತೆಗೊಂದು ಬಣ್ಣದ ತಕ್ಕಡಿ,
ತಟ್ಟೆಗಳೆರಡೂ ಒಂದೇ ಮಟ್ಟ.

ಒಂದೇ ಮಟ್ಟಕ್ಕೆ ನನ್ನ ಡಬ್ಬಿಗಳೂ ಬರುತ್ತವೆ, ಮೇಷ್ಟ್ರೇ,
ನಡುದಾರಿಯಲ್ಲಿ, ಕಣ್ಣು ಮಿಟುಕಿಸುವಷ್ಟು ಹೊತ್ತು.
ಅಲ್ಲೇ ನಿಂತುಬಿಟ್ಟರೆ
ಕೆಟ್ಟುಹೋಯಿತು ಅನ್ನುತ್ತೇವೆ ಇಲ್ಲಿ,
ಏಣಿ ತರಿಸುತ್ತೇವೆ.

ಗುರುವಾರ ರಾತ್ರಿ ಹತ್ತಕ್ಕೆ ಮನೆ,
ಉಳಿದ ರೊಟ್ಟಿ, ತಣ್ಣಗಿನ ಹುರುಳಿಕಾಯಿ.
ಅಮಾರೊನ ಗಣಿತದ ಪಟ್ಟಿಗೆ ಸಹಿ ಹಾಕಿ
ನನ್ನದನ್ನು ತೆರೆದೆ.
ಮೊದಲ ಸಾಲು ಬರೆದದ್ದು ನೆನಪಿದೆ.
ಬೆಳಗಾದಾಗ ಹನ್ನೊಂದು ಪುಟ ತುಂಬಿತ್ತು,
ಪುಟಗಟ್ಟಲೆ ಒಂದೇ ಅಕ್ಷರ,
ಕೆನ್ನೆಯ ಮೇಲೆ ಅದರದೇ ಗುಂಡಿಯ ಗುರುತು.
ಮಗ ಎಬ್ಬಿಸಿರಲಿಲ್ಲ.
ತನ್ನ ಹೊದಿಕೆ ನನಗೆ ಹೊದಿಸಿ
ಅಂಚನ್ನು ಲ್ಯಾಪ್‌ಟಾಪಿಗೂ ಎಳೆದಿದ್ದ.

ಚೌಕದಲ್ಲಿ ಮೊದಲು ಬರೆದೆ: ಅನಾರೋಗ್ಯ.
ಅಳಿಸಿದೆ.
ವಿದ್ಯುತ್ ಹೋಗಿತ್ತು.
ಅದನ್ನೂ ಅಳಿಸಿದೆ, ಲೆಕ್ಕ ಕಲಿಯುವವಳು
ಶುರುವಿನಲ್ಲೇ ಸುಳ್ಳು ಬರೆಯಬಾರದು.

ನಿದ್ದೆ ಬಂತು.

ಇನ್ನೂ ಇನ್ನೂರ ತೊಂಬತ್ತು ಅಕ್ಷರ ಬಾಕಿ ಇದೆ
ಅನ್ನುತ್ತಿದೆ ಚೌಕ.
ಕಳಿಸುವ ಗುಂಡಿಯ ಮೇಲೆ ಬೆರಳಿದೆ,
ಕೆಳಗೆ ಯಾರೋ ಕಾಯುತ್ತಿದ್ದಾರೆ,
ಗಂಟೆ.