ತಣ್ಣಗಿರುವಾಗ ತೆರೆಯಬೇಡಿ

ಸೊಹಾರಿನ ಈ ಮನೆಗೆ ನಾನು ಬಂದದ್ದು ಆಗಸ್ಟಿನಲ್ಲಿ,
ಕಿಟಕಿಯ ಗಾಜು ಹೊರಮೈಯಲ್ಲಿ ಬೆವರುವ ತಿಂಗಳು.
ಹಳೆಯ ಫ್ರಿಜ್ಜು ಬಾಡಿಗೆಯಲ್ಲೇ ಸೇರಿದೆ ಅಂದ
ಕಾವಲಿನ ಮೊತಾಲಿಬ್.
ತರಕಾರಿ ಡಬ್ಬ ಎಳೆದರೆ ಅದರ ಹಿಂದೆ
ಒಂದು ಗಾಜಿನ ಜಾಡಿ.
ಮುಚ್ಚಳಕ್ಕೆ ಗಾಯಕ್ಕೆ ಸುತ್ತುವ ಪ್ಲಾಸ್ಟರ್,
ಅದರ ಮೇಲೆ ಬಾಲ್‌ಪೆನ್ನಿನಲ್ಲಿ, ಕನ್ನಡದಲ್ಲಿ:
ತಣ್ಣಗಿರುವಾಗ ತೆರೆಯಬೇಡಿ.

ಬೇಡ ಅಂದಿಲ್ಲ, ಬೇಡಿ.
ಯಾರಿಗೆ ಇಷ್ಟು ಮರ್ಯಾದೆ?
ಈ ಕಟ್ಟಡದಲ್ಲಿ ಆ ಅಕ್ಷರ ಬಲ್ಲವನು ನಾನೊಬ್ಬ,
ಆಗ ನಾನು ಇಲ್ಲಿ ಇರಲೂ ಇಲ್ಲ.

ಏಸಿ ರಿಪೇರಿ ನನ್ನ ಕಸುಬು, ಹಾಗಾಗಿ ಮಾತು ತಿಳಿಯಿತು.
ತಂಪಾದದ್ದಕ್ಕೆ ಈ ಊರಿನ ಗಾಳಿ ತಗುಲಿದರೆ
ಕಣ್ಣು ಮಿಟುಕಿಸುವುದರೊಳಗೆ ಹನಿ.
ಆ ಹನಿಯೇ ನನ್ನ ಸಂಬಳ.
ಜಾಡಿಯನ್ನು ರಾತ್ರಿಯಿಡೀ ಮೇಜಿನ ಮೇಲೆ ಬಿಟ್ಟೆ.
ಬೆವರಿತು. ಬೆಳಗಿನ ಹೊತ್ತಿಗೆ ಆರಿತು.
ಆಮೇಲೆ ಪ್ಲಾಸ್ಟರ್ ಬಿಚ್ಚಿದೆ.

ಆಸ್ಪತ್ರೆಯ ಮಾತ್ರೆ ಲಕೋಟೆ, ಮೂರು.
ಬೆಂಡೆ. ಹೀರೆ. ಈರುಳ್ಳಿ.
ದಿನಕ್ಕೆ ಎಷ್ಟು ಸಲ ಎಂಬ ಚೌಕದಲ್ಲಿ
ಒಣಗಿಸಿದ ತಾರೀಖು, ಎಂಟು ವರ್ಷ ಹಿಂದಿನದು.
ತಳದಲ್ಲಿ ಔಷಧದ ಬಾಟಲಿಗಳ ಪುಟ್ಟ ಪುಟ್ಟ ಚೀಲ,
ತೇವ ಕುಡಿಯುವ ಕಾಳಿನವು.
ಜೊತೆಗೆ ಮಡಚಿದ ಒಂದು ಚೀಟಿ:

ನೆರಳಲ್ಲಿ ಒಣಗಿಸಿ. ಇಲ್ಲಿನ ಬಿಸಿಲು ಒಣಗಿಸುವುದಿಲ್ಲ, ಬೇಯಿಸುತ್ತದೆ.
ಹಲ್ಲಿನಲ್ಲಿ ಕಚ್ಚಿ ನೋಡಿ. ಅಚ್ಚು ಬಿದ್ದರೆ ಇನ್ನೂ ಹಸಿ,
ಟಕ್ಕೆಂದು ಒಡೆದರೆ ಸರಿ.
ನೀಲಿ ಕಾಳು ಗುಲಾಬಿಯಾದರೆ ಹುರಿದು ನೀಲಿ ಮಾಡಿ,
ಅಡುಗೆಯ ಬಾಣಲೆ ಬೇಡ.
(ಹುರಿಯುವುದು ಚೀಲದ ಕಾಳನ್ನು, ಬೀಜವನ್ನಲ್ಲ!)

ನನ್ನಜ್ಜಿ ಯಲಬುರ್ಗಿಯಲ್ಲಿ
ಬೀಜಕ್ಕೆ ಬೂದಿ ಕಲಸಿ ಸೋರೆಬುರುಡೆಗೆ ತುಂಬಿ
ಬಾಯಿಗೆ ಸಗಣಿ ಮೆತ್ತುತ್ತಿದ್ದಳು.
ಹೇಳುತ್ತಿದ್ದದ್ದು ಒಂದೇ: ಅದರ ನಿದ್ದಿ ಕೆಡಸಬ್ಯಾಡೋ.
ಬೂದಿ ಇಲ್ಲದ ಊರಲ್ಲಿ
ಯಾರೋ ಅದನ್ನೇ ಮಾತ್ರೆ ಬಾಟಲಿಯಲ್ಲಿ ಹುಡುಕಿಕೊಂಡಿದ್ದಾರೆ.

ಯಾರದು, ಮೊತಾಲಿಬ್ ಭಾಯಿ?
ಸಿಸ್ಟರ್, ಅಂದ.
ಹೆಸರು?
ಸಿಸ್ಟರ್.
ರಾತ್ರಿ ಪಾಳಿಯಿಂದ ಬಂದವಳೇ ಮಲಗದೆ ತಾರಸಿಗೆ ಹೋಗುತ್ತಿದ್ದಳು,
ನಾಲ್ಕೂ ಮಹಡಿಗೆ ಬೆಂಡೆ ಹಂಚುತ್ತಿದ್ದಳು,
ವೀಸಾ ಮುಗಿದಾಗ ಒಂದೇ ಸೂಟ್‌ಕೇಸ್.
ನನಗೆ ಸಕ್ಕರೆ ಇದೆ ಅಂತ ಮೊದಲು ಹೇಳಿದ್ದು ಅವಳೇ.

ಹತ್ತು ಹತ್ತು ಎಣಿಸಿ
ಒದ್ದೆ ಟಿಶ್ಯೂ ಕಾಗದದಲ್ಲಿ ಸುತ್ತಿ ಫ್ರಿಜ್ಜಿನ ತಲೆಯ ಮೇಲಿಟ್ಟೆ,
ಮೋಟರಿನ ಬಿಸಿ ತಾಗುವಲ್ಲಿ.
ನಾಲ್ಕನೆಯ ದಿನ ಒಂದು ಬೆಂಡೆ ಬಿಳಿ ಮೂಗು ಚಾಚಿತು.
ಡ್ಯೂಟಿಯಲ್ಲಿ ಏಣಿಯ ಮೇಲೆ ನಿಂತಾಗಲೂ ಅದೇ ಲೆಕ್ಕ.
ಕೊನೆಗೆ ಬೆಂಡೆ ಆರು. ಹೀರೆ ನಾಲ್ಕು.
ಈರುಳ್ಳಿ
ಒಂದೂ ಇಲ್ಲ. ಇನ್ನೊಂದು ವಾರ ಕಾದೆ,
ಕಾಗದ ಹಳಸಿತು, ಅಷ್ಟೆ.

ಆ ಮೊಳಕೆಗಳನ್ನು ನೆಡಲಾಗಲಿಲ್ಲ,
ತಾರಸಿ ಆಗಿನ್ನೂ ಕಾದ ಹಂಚು.
ಎಸೆಯುವಾಗ ಕೈ ಹಿಂಜರಿಯಿತು, ಎಸೆದೆ.
ಅಕ್ಟೋಬರ್ ಕೊನೆಗೆ ಉಳಿದವನ್ನು
ನಾಲ್ಕು ಎಣ್ಣೆ ಡಬ್ಬಗಳಲ್ಲಿ ಊರಿದೆ.
ನೀರಿಗೆ ಏಸಿಯ ಪೈಪಿನ ಕೆಳಗೆ ಬಕೆಟ್:
ನಾಲ್ಕು ಮಹಡಿಯ ನಿದ್ದೆ ತೊಟ್ಟಿಕ್ಕಿದ್ದು.

ಜನವರಿಯಲ್ಲಿ ಮೊತಾಲಿಬ್ ಬಾಣಲೆ ತಂದ, ಅಡುಗೆಯದು.
ಒಂದು ಗಿಡದ ಕಾಯಿ ಮಾತ್ರ ಕೀಳಬೇಡ ಅಂದೆ,
ಅದು ಬಲಿಯಲಿ, ಗಿಡದಲ್ಲೇ ಒಣಗಿ ಗಿಲಕಿಯಾಗಲಿ.
ಯಾರಿಗೆ ಅಂತ ಕೇಳಿದ.
ಗೊತ್ತಿಲ್ಲ.

ಈಗ ಜಾಡಿ ಮತ್ತೆ ಡಬ್ಬದ ಹಿಂದೆ.
ಹೊಸ ಲಕೋಟೆ, ಹೊಸ ತಾರೀಖು,
ಪ್ಲಾಸ್ಟರ್ ಮೇಲೆ ಅವಳ ಅಕ್ಷರ ಹಾಗೇ ಬಿಟ್ಟಿದ್ದೇನೆ.
ಚೀಟಿಯ ಅಡಿಗೆ ನನ್ನದೊಂದು ಸಾಲು ಸೇರಿಸಿದೆ:
ಈರುಳ್ಳಿಯನ್ನು ನಂಬಬೇಡಿ, ಅದಕ್ಕೆ ಒಂದೇ ವರ್ಷದ ತಾಳ್ಮೆ.
ನನ್ನ ವೀಸಾಕ್ಕೆ ಇನ್ನು ಹದಿನಾಲ್ಕು ತಿಂಗಳು.