ಏಟಿನ ಜಾಗ

ಉಗುರಿನಷ್ಟು ಚಿಪ್‌ನೊಳಗೆ ನನಗೆ ಸಿಕ್ಕಿದ್ದು ಆರು ದನಿ.
ಎರಡು ಏಟಿಗೆ ಮೀಸಲು, ಅಂದರು. ಸರಿ.
ಆಮೇಲೆ ಜಟ್ಟಿಗಳು ಹೆಚ್ಚಿದರು, ಒದೆತದ ಬಗೆ ಹೆಚ್ಚಿತು,
ಇನ್ನೊಂದು ಬೇಕು, ಅಂದರು.
ಹಂಚಿಕೊಂಡೆವು, ಒಂದೇ ನಲ್ಲಿಗೆ ಎರಡು ಮನೆಯವರ ಹಾಗೆ:
ಮುಷ್ಟಿ ಸುಮ್ಮನಿರುವಷ್ಟು ಹೊತ್ತು ನನ್ನದು,
ತಗುಲಿದ ಕ್ಷಣ ಅವರದು.
ಹೋಗಿ ಹೋಗಿ ಆ ಹಂಚಿಕೆಯ ದನಿಯಲ್ಲೇ
ರಾಗದ ಜೀವ ಇಟ್ಟೆನಲ್ಲ, ಇಪ್ಪತ್ತಾರರ ಜಂಬ.

ಒಸಾಕಾದಲ್ಲಿ, ರೈಲುಸೇತುವೆಯ ಕೆಳಗಿನ ಆಟದಂಗಡಿಗೆ
ಒಮ್ಮೆ ಕದ್ದು ಹೋಗಿ ನಿಂತಿದ್ದೆ.
ಸಿಗರೇಟಿನ ಹೊಗೆ. ಮೂವತ್ತು ಪೆಟ್ಟಿಗೆಗಳು ಒಟ್ಟಿಗೆ ಅರಚುವಾಗ
ನನ್ನ ಹಾಡು ಹರಿದ ಪರದೆಯ ಹಾಗೆ ಅಲ್ಲಲ್ಲಿ ಮಾತ್ರ ಇತ್ತು.
ಬಂದರಿನ ಮಲ್ಲ ಕ್ರೇನಿನಡಿ ಸೊಂಟ ಬಗ್ಗಿಸಿ ಕಾಯುತ್ತಾನೆ,
ಬೋಳುತಲೆಯ ಸನ್ಯಾಸಿನಿ ಗಾಳಿಗೇ ಒದೆಯುತ್ತಾಳೆ,
ಧಡ್! ಒಂದು ಸ್ವರ ಹೋಯಿತು.
ಧಡ್ ಧಡ್! ಅರ್ಧ ಸಾಲೇ ಹೋಯಿತು.
ಎರಡನೆಯ ಭಾಗ, ನಾನು ಹನ್ನೊಂದು ರಾತ್ರಿ ತಿದ್ದಿದ್ದು,
ಅಲ್ಲಿಯವರೆಗೆ ಯಾರೂ ಉಳಿಯಲೇ ಇಲ್ಲ.

ಈಗ ಆಲ್ಬಮ್.
ಅಮಾಗಾಸಾಕಿಯಲ್ಲಿ ತೋಫು ಮಾಡುವವರ ಮಾಳಿಗೆಯೇ ಸ್ಟುಡಿಯೋ;
ಬೆಳಗಿನ ಜಾವ ನಾಲ್ಕಕ್ಕೆ ನೆಲದ ಸಂದಿಯಿಂದ ಸೋಯಾ ಹಾಲಿನ ಆವಿ.
ಕುರೆಮಾತ್ಸು ಮೂರು ಸಿಂಥ್‌ಗಳನ್ನು ಮೆಟ್ಟಿಲ ಹಾಗೆ ಜೋಡಿಸಿದ್ದಾನೆ.
ನಿಜವಾದ ಡ್ರಮ್ಮು, ಬೆವರುವ ಮನುಷ್ಯ ಬಾರಿಸುವಂಥದು.
ದನಿ ಎಷ್ಟು ಬೇಕಾದರೂ ತಗೊಳ್ಳಿ, ಅನ್ನುತ್ತಾನೆ ಧಾರಾಳವಾಗಿ.
ಆಮೇಲೆ, ಪೆನ್ಸಿಲ್ ಕಿವಿಗೇರಿಸಿ:
ಇದು ಮುಗಿಯುವುದು ಹೇಗೆ?
ನಾನು ಮುಗಿಸಿರಲೇ ಇಲ್ಲ.
ಆಟದ ಹಾಡಿಗೆ ಕೊನೆ ಇರುವುದಿಲ್ಲ,
ಯಾರೋ ಬೀಳುತ್ತಾರೆ, ಅಷ್ಟೆ.

ಗಿಟಾರ್‌ಗೆ ಬಂದವನು ಹಿಬಿನೊ, ಇಪ್ಪತ್ತೊಂದು.
ಹಗಲು ಬೇರಿಂಗ್ ಕಾರ್ಖಾನೆ, ಉಗುರ ಸಂದಿಯಲ್ಲಿ ಗ್ರೀಸಿನ ಕಪ್ಪು.
ಹಾಳೆ ಬೇಡ, ಬಾಯಿಪಾಠ ಇದೆ, ಅಂದ.
ತಂತಿ ಕಿರುಚಿತು, ನನ್ನ ರಾಗ ಮೂಳೆಗೆ ಮಾಂಸ ಹೊದ್ದು ಎದ್ದು ನಿಂತಿತು,
ಒಂಬತ್ತನೆಯ ಸ್ವರವೊಂದನ್ನು ಬಿಟ್ಟು.
ಇನ್ನೊಮ್ಮೆ. ಮತ್ತೆ ಅಲ್ಲೇ ತಗ್ಗು.
ಎರಡನೆಯ ಭಾಗ ಬಂದಾಗ ಮೆಲ್ಲಗೆ ಹಾಳೆ ಎಳೆದುಕೊಂಡ;
ಅಷ್ಟು ದೂರ ಅವನೆಂದೂ ಬಂದಿರಲಿಲ್ಲ.

ಟೇಪು ನಿಲ್ಲಿಸಿ ಕುರೆಮಾತ್ಸು ಬೆರಳಿಟ್ಟು ತೋರಿಸಿದ.
ಹುಡುಗ ಬಹಳ ಹೊತ್ತು ನೋಡಿದ.
ಇಲ್ಲೊಂದು ಸ್ವರ ಇತ್ತೇ?
ಅಣ್ಣ ಯಾವಾಗಲೂ ಅಲ್ಲೇ ಹೊಡೀತಿದ್ದ,
ಶುರುವಾದೊಡನೆ, ಕೆಳಗಿನಿಂದ, ಕಾಲಿಗೆ.
ಗೊತ್ತಿದ್ದೂ ತಡೆಯೋಕೆ ಆಗ್ತಿರಲಿಲ್ಲ.
ಆ ಅಣ್ಣ ಈಗ ನಗೋಯಾ ಕಡೆ ಲಾರಿ ಓಡಿಸುತ್ತಾನಂತೆ,
ಆಟದ ಹೆಸರೂ ನೆನಪಿಲ್ಲವಂತೆ.

ಆರನೆಯ ಸಲ ಸ್ವರ ಸೇರಿಸಿಯೇ ನುಡಿಸಿದ. ಒಂದು ತಪ್ಪಿಲ್ಲ.
ಹಲ್ಲು ಕಟ್ಟಿಸಿಕೊಂಡ ಬಾಯಿಯ ಹಾಗೆ ತುಂಬಿಕೊಂಡಿತ್ತು,
ನಗು ಮಾತ್ರ ಬೇರೆ ಯಾರದೋ.

ಕೆಳಗೆ ನೀರಿನೊಳಗೆ ಕೈ ಅದ್ದಿ
ಯಾರೋ ತೋಫು ಕೊಯ್ಯುತ್ತಿದ್ದರು, ಸದ್ದಿಲ್ಲದೆ.
ಹಿಂದಿನದನ್ನೇ ಇಡಿ, ಅಂದೆ.
ಒಂಬತ್ತನೆಯದನ್ನು ಉಜ್ಜಿ ಅಳಿಸಿ ರಬ್ಬರಿನ ಪುಡಿ ಊದಿದೆ.
ಡ್ರಮ್ಮಿನವನಿಗೆ ಹೇಳಿದೆ:
ಅಲ್ಲಿಗೆ ಬಂದಾಗ ನೀನೂ ಕೈ ಎತ್ತು, ಇಳಿಸಬೇಡ.

ಕೊನೆ ಹೊಳೆಯಲಿಲ್ಲ.
ಕುರೆಮಾತ್ಸು ಗುಂಡಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಜಾರಿಸುತ್ತ
ದನಿ ಇಳಿಸುತ್ತಿದ್ದಾನೆ, ನಮ್ಮ ಕಡೆ ಹಾಡು ಆಗಲೇ ದೂರ.
ಗಾಜಿನಾಚೆ ಹಿಬಿನೊಗೆ ಅದು ಗೊತ್ತಿಲ್ಲ,
ನುಡಿಸುತ್ತಲೇ ಇದ್ದಾನೆ ಕಣ್ಣು ಮುಚ್ಚಿ,
ಪ್ರತಿ ಸುತ್ತಿನಲ್ಲೂ ಒಂಬತ್ತರ ಹತ್ತಿರ
ಎಡಗಾಲನ್ನು ತುಸು ಹಿಂದಕ್ಕೆಳೆದುಕೊಂಡು.