ಗುರುತು

ನ್ಯಾಯಬೆಲೆ ಅಂಗಡಿಯ ಯಂತ್ರ
ಮೂರನೇ ತಿಂಗಳೂ ನನ್ನ ಹೆಬ್ಬೆರಳನ್ನು ಒಪ್ಪಲಿಲ್ಲ.
ಒರೆಸಿ ಇಡಮ್ಮ ಅಂದರು, ಒರೆಸಿ ಇಟ್ಟೆ.
ಆ ಕೈ ಇಡು, ಈ ಬೆರಳು ಇಡು,
ಹತ್ತೂ ಮುಗಿದವು.
ಹಿಂದೆ ನಿಂತವಳು ಚೀಲ ಮಡಚಿ, ಬಿಚ್ಚಿ, ಮತ್ತೆ ಮಡಚಿ
ಬೇರೆ ಕಡೆ ನೋಡಿದಳು.

ಹದಿನೆಂಟು ವರ್ಷ ಶಿಡ್ಲಘಟ್ಟದ ಬಿಚ್ಚಾಣಿಕೆ ಮನೆಯಲ್ಲಿ
ಕುದಿವ ನೀರೊಳಗೆ ಗೂಡಿನ ಎಳೆ ಹುಡುಕಿದ ಬೆರಳು.
ಗೆರೆಯೆಲ್ಲ ಕರಗಿ
ಯಾರದೋ ಮದುವೆ ಸೀರೆಗೆ ಹೋಗಿರಬೇಕು.
ಕಾರ್ಡಿನಲ್ಲಿ ಕರುಣಾವತಿ, ಗಂಡ ಸಾಲೊಮೋನ್.
ಎದುರಿಗೆ ನಿಂತವಳು ಯಾರೋ.

ಸಾಲೊಮೋನ್ ಮಲಗಿ ಆಗ ಐದು ತಿಂಗಳು.
ಮಾರುಕಟ್ಟೆಯಲ್ಲಿ ಗೂಡಿನ ಕ್ರೇಟು ಹೊರುತ್ತಿದ್ದವನಿಗೆ
ಬಲಗಡೆ ಬಿದ್ದುಹೋಯಿತು,
ಮಾತು ಒಂದೇ ಅಕ್ಷರಕ್ಕೆ ಬಂದು ನಿಂತಿತು.
ನೀರಿಗೂ ಅ, ನೋವಿಗೂ ಅ,
ನನ್ನ ಹೆಸರಿಗೂ ಅ.

ದೇವರ ಮೇಲೆ ಮುನಿಸಿತ್ತು, ಸುಳ್ಳೇಕೆ.
ಭಾನುವಾರವನ್ನು ಬಟ್ಟೆ ಒಗೆಯುವ ದಿನ ಮಾಡಿಕೊಂಡೆ.
ಗಂಟೆ ಹೊಡೆದಾಗ
ಬೇಕೆಂದೇ ಜೋರಾಗಿ ಕುಕ್ಕಿದೆ ಕಲ್ಲಿಗೆ.

ಒಂದು ಭಾನುವಾರ ನಲ್ಲಿಯಲ್ಲಿ ನೀರು ಬರಲಿಲ್ಲ.
ಅದಕ್ಕೇ ಹೋದೆ.
ಬೇರೆ ಕಾರಣವಿದ್ದರೆ ನನಗೆ ತಿಳಿಯದು.

ಶೀಟಿನ ಛಾವಣಿ, ಅರ್ಧ ಹೊಡೆದು ಬಿಟ್ಟ ಸುಣ್ಣ,
ಬಾಗಿಲಿಗೆ ಹತ್ತಿರ ಹೆಂಗಸರ ಕೊನೆಯ ಚಾಪೆ.
ದೀನಮ್ಮ ಒಂದು ಗೇಣು ಸರಿದು
ಖಾಲಿ ಚಾಪೆ ತಟ್ಟಿದಳು.
ಇಷ್ಟು ದಿನ ಎಲ್ಲಿದ್ದೆ ಎಂದು ಕೇಳಲಿಲ್ಲ.
ಮೊಮ್ಮಗಳ ಕಾಲನ್ನು ಮಾತ್ರ ನನಗೆ ತಗುಲದಂತೆ ಮಡಚಿದಳು.

ಚಿಂತಾಮಣಿ ಬಸ್ಸಿನಲ್ಲಿ ನಾನು ಕೂತರೆ
ಪಕ್ಕದವರು ಕಿಟಕಿ ತೆಗೆಯುತ್ತಾರೆ.
ಬೆಂದ ಹುಳದ ವಾಸನೆ, ಯಾವ ಸೋಪಿಗೂ ಜಗ್ಗದ್ದು.
ಇಲ್ಲಿ ಚಾಪೆಯ ಸಾಲಿಗೆ ಸಾಲೇ ಅದೇ ವಾಸನೆ,
ದೀನಮ್ಮನ ಸೆರಗು, ಸುಮಿತ್ರಳ ಜಡೆ,
ಎಲ್ಲರೂ ಅದೇ ನೀರಲ್ಲಿ ಕೈ ಇಟ್ಟು ಬಂದವರು.
ಹೊಟ್ಟೆ ತುಂಬ ಉಸಿರೆಳೆದುಕೊಂಡೆ,
ಎಷ್ಟೋ ದಿನಗಳ ಮೇಲೆ.

ಹಾಡು ಶುರುವಾಯಿತು. ಗಂಟಲು ಏಳಲಿಲ್ಲ.
ದೀನಮ್ಮ ಕಿವಿಯ ಹತ್ತಿರ ಬಗ್ಗಿ,
"ಆಗ್ದಿದ್ರೆ ಬುಡಮ್ಮಿ,
ಇವತ್ತು ನಿನ್ ಪಾಲ್ನೂ ನಾನೇ ಹಾಡ್ತೀನಿ" ಅಂದಳು.
ಹಾಡಿದಳು ಕೂಡ, ಎರಡು ಆಳಿನ ದನಿಯಲ್ಲಿ,
ಶ್ರುತಿ ಬಿಟ್ಟು, ಕಣ್ಣು ಮುಚ್ಚಿ.

ಹೊಸ ಪಾಸ್ಟರು ಹುಡುಗ. ಊರಿನ ಕಸುಬು ನೋಡಿ
ಹುಳ ಸಾಯಬೇಕು, ಎಳೆ ಬರಬೇಕು
ಎಂದು ಉಪಮೆ ಹೆಣೆಯತೊಡಗಿದ.
ಸುಮಿತ್ರ ಕೆಮ್ಮಿದಳು.
ದಿನಕ್ಕೆ ಸಾವಿರ ಹುಳ ಬೇಯಿಸುವವರಿಗೆ
ಅದು ಅಷ್ಟು ಸುಲಭದ ಮಾತಲ್ಲ.
ಅವನಿಗೂ ತಿಳಿಯಿತೇನೋ,
ಅರ್ಧಕ್ಕೆ ನಿಲ್ಲಿಸಿ, ಬನ್ನಿ, ಎಂದ.

ಸಾಲಿನಲ್ಲಿ ನಿಂತೆ.
ಸಾಲು ಎಂದರೆ ಈಗ ನನಗೆ ಎದೆ ಹೊಡೆದುಕೊಳ್ಳುತ್ತದೆ.
ಕೈ ಚಾಚಿದೆ, ಬೊಬ್ಬೆಯೆದ್ದು ಒಡೆದು
ಬಿಳಿಚಿಕೊಂಡ ಅಂಗೈ.
ಯಾವ ಬೆರಳನ್ನೂ ಒತ್ತಲು ಹೇಳಲಿಲ್ಲ.
ಕರುಣಾವತಿ, ಎಂದ ಹುಡುಗ,
ಯಾರು ಹೇಳಿಕೊಟ್ಟಿದ್ದರೋ ಹೆಸರು,
ರೊಟ್ಟಿಯ ಚೂರು ಇಟ್ಟ.

ಆಗ ಅಜ್ಜಿಯ ಮಾತು ನೆನಪಾಯಿತು:
ಸತ್ತು ಎದ್ದು ಬಂದವನನ್ನು
ಅವನ ಜೊತೆ ಉಂಡವರೇ ನಂಬಲಿಲ್ಲ ಕಣೇ,
ಕೊನೆಗೆ ತೋರಿಸಿದ್ದು ಕೈಯನ್ನ,
ಮೊಳೆ ಹೋದ ತೂತನ್ನ.
ಅವನಿಗೂ ಗಾಯ ಬಿಟ್ಟರೆ ಬೇರೆ ಗುರುತಿರಲಿಲ್ಲ.

ರೊಟ್ಟಿಯಲ್ಲಿ ಅರ್ಧ ಉಳಿಸಿ
ಸೆರಗಿನ ತುದಿಗೆ ಕಟ್ಟಿ ತಂದೆ. ತಪ್ಪೋ ಏನೋ.
ನೀರಲ್ಲಿ ನೆನೆಸಿ
ಸಾಲೊಮೋನನ ಬಾಯಿಯ ಎಡಗಡೆಗೆ ಇಟ್ಟೆ.
ತುಂಬಾ ಹೊತ್ತು ನಾಲಗೆಯಲ್ಲೇ ಇಟ್ಟುಕೊಂಡು ನುಂಗಿದ.
ಅವನ ಎಡಗೈ ಹಾಸಿಗೆ ಮೇಲೆ ತಡಕಾಡಿ
ನನ್ನ ಹೆಬ್ಬೆರಳು ಸಿಕ್ಕಿ, ಹಿಡಿದುಕೊಂಡಿತು.

ಅ, ಅಂದ.

ನೀರಿಗೋ, ನೋವಿಗೋ ಎಂದು ಕೇಳಲು ಹೋಗಲಿಲ್ಲ.
ದೀನಮ್ಮ ಕೊಟ್ಟ ಎರಡು ಸೇರು ರಾಗಿ ಹಿಟ್ಟಲ್ಲಿ
ಅಂಬಲಿಗೆ ಇಟ್ಟಿದ್ದೆ, ಉಕ್ಕುವ ಸದ್ದಾಯಿತು.
ಹಿಡಿದ ಬೆರಳು ಬಿಡಿಸಿಕೊಳ್ಳಲು ಮನಸ್ಸಾಗದೆ
ಸ್ವಲ್ಪ ಉಕ್ಕಲಿ ಎಂದು ಕೂತೆ.